ಹಲ್ಲಿಗಳ ಶಿಶಿರನಿದ್ರೆ

ಶಿಶಿರನಿದ್ರೆ ಎಂದರೆ ಹಲ್ಲಿ, ಓತಿ, ಉಡ ಮುಂತಾದ ಸರೀಸೃಪಗಳು ಚಳಿಗಾಲದಲ್ಲಿ ಆಹಾರವನ್ನೂ ಚಲನೆಯನ್ನೂ ಬಹುಮಟ್ಟಿಗೆ ತೊರೆದು ಬಿಲ, ಬಿರುಕು, ಪೊಟರೆಗಳಲ್ಲಿ ಅಡಗಿ ಕಳೆಯುವ ಜಡಾವಸ್ಥೆ. ಸರೀಸೃಪಗಳ ಈ ಸ್ಥಿತಿಗೆ ವಿಜ್ಞಾನದಲ್ಲಿ ಬ್ರುಮೇಶನ್ ಎಂಬ ಪ್ರತ್ಯೇಕ ಹೆಸರೂ ಇದೆ. ಇದು ರೋಗವಲ್ಲ, ಮನುಷ್ಯರ ರಾತ್ರಿಯ ನಿದ್ರೆಯಂಥದೂ ಅಲ್ಲ. ಸುತ್ತಲಿನ ಉಷ್ಣತೆ ಇಳಿದಾಗ ದೇಹದ ಎಲ್ಲ ಕ್ರಿಯೆಗಳನ್ನು ನಿಧಾನಗೊಳಿಸಿ, ಕೂಡಿಟ್ಟ ಕೊಬ್ಬಿನ ಮೇಲೆ ಬದುಕಿ ಉಳಿಯುವ ಉಪಾಯ ಇದಾಗಿದೆ. ಮನೆಗಳಲ್ಲಿ ಸಾಕಲಾಗುವ ಕೆಲವು ವಿದೇಶಿ ಹಲ್ಲಿಗಳೂ ಈ ಅವಸ್ಥೆಗೆ ಜಾರುತ್ತವೆ. ಸರಿಯಾದ ಸಿದ್ಧತೆಯಿಲ್ಲದೆ ಅವುಗಳನ್ನು ತಂಪಿಗೆ ಒಡ್ಡುವುದರಿಂದ, ಅಥವಾ ರೋಗದ ಜಡತೆಯನ್ನು ಶಿಶಿರನಿದ್ರೆಯೆಂದು ತಪ್ಪಾಗಿ ತಿಳಿಯುವುದರಿಂದ ಪ್ರಾಣಿಗಳು ಸಾಯುವುದುಂಟು. ಆದ್ದರಿಂದ ಈ ವಿಷಯದ ತಿಳಿವಳಿಕೆ ಸಾಕುವವರಿಗೆ ಅತ್ಯಗತ್ಯ.

ಹೆಸರು

ಭಾರತೀಯ ಪಂಚಾಂಗದ ಪ್ರಕಾರ ಮಾರ್ಗಶಿರ ಮತ್ತು ಪುಷ್ಯ ಮಾಸಗಳು ಹೇಮಂತ ಋತು, ಮಾಘ ಮತ್ತು ಫಾಲ್ಗುಣ ಮಾಸಗಳು ಶಿಶಿರ ಋತು. ಪ್ರಾಣಿಗಳ ಜಡಾವಸ್ಥೆ ಹೇಮಂತದಲ್ಲಿಯೇ ಆರಂಭವಾಗುವುದಾದರೂ ಕನ್ನಡದ ವಿಜ್ಞಾನ ಬರಹಗಳಲ್ಲಿ ಶಿಶಿರನಿದ್ರೆ ಎಂಬ ಪದವೇ ಬಳಕೆಗೆ ಬಂದಿದೆ. ಬೇಸಿಗೆಯ ಬಿಸಿಲು ಮತ್ತು ಒಣಹವೆಯಿಂದ ಪಾರಾಗಲು ಪ್ರಾಣಿಗಳು ತಾಳುವ ಇಂಥದೇ ಸ್ಥಿತಿಗೆ ಗ್ರೀಷ್ಮನಿದ್ರೆ ಎನ್ನುತ್ತಾರೆ.

ಬ್ರುಮೇಶನ್ ಎಂಬ ಪದವನ್ನು ಅಮೆರಿಕದ ಪ್ರಾಣಿಶಾಸ್ತ್ರಜ್ಞ ವಿಲ್ಬರ್ ಮೇಹ್ಯೂ ಅವರು 1965ರಲ್ಲಿ ಮರುಭೂಮಿಯ ಕೊಂಬಿನ ಹಲ್ಲಿಗಳ ಅಧ್ಯಯನದ ಸಂದರ್ಭದಲ್ಲಿ ಸೂಚಿಸಿದರು. ಲ್ಯಾಟಿನ್ ಭಾಷೆಯಲ್ಲಿ ‘ಬ್ರೂಮಾ’ ಎಂದರೆ ಚಳಿಗಾಲ. ಸಸ್ತನಿಗಳ ಶಿಶಿರನಿದ್ರೆಗೂ ಸರೀಸೃಪಗಳ ಜಡತೆಗೂ ಇರುವ ಭೇದವನ್ನು ತೋರಿಸುವುದು ಈ ಹೊಸ ಪದದ ಉದ್ದೇಶ. ಶಿಶಿರನಿದ್ರೆ ಮಾಡುವ ಅಳಿಲಿನಂಥ ಸಸ್ತನಿಯು ನಡುನಡುವೆ ತನ್ನ ಕೊಬ್ಬನ್ನು ಉರಿಸಿ, ದೇಹವನ್ನು ತಾನೇ ಬಿಸಿಮಾಡಿಕೊಂಡು ಎಚ್ಚರಗೊಳ್ಳಬಲ್ಲದು. ಹಲ್ಲಿಗೆ ಆ ಶಕ್ತಿಯಿಲ್ಲ. ಹೊರಗಿನ ಶಾಖ ಬರುವವರೆಗೂ ಅದು ಕಾಯಲೇಬೇಕು. ಆದರೆ ಅದರ ನಿದ್ರೆ ಅಷ್ಟೊಂದು ಗಾಢವಲ್ಲ. ಹವೆ ಸ್ವಲ್ಪ ಬೆಚ್ಚಗಾದ ದಿನ ಎದ್ದು, ಜಾಗ ಬದಲಿಸಿ, ನೀರು ಕುಡಿದು ಮತ್ತೆ ಮಲಗುವುದುಂಟು.

ದೇಹದಲ್ಲಾಗುವ ಬದಲಾವಣೆಗಳು

ಹಲ್ಲಿಗಳು ಶೀತರಕ್ತ ಪ್ರಾಣಿಗಳು. ಅವುಗಳ ರಕ್ತ ಸದಾ ತಣ್ಣಗಿರುತ್ತದೆ ಎಂಬುದು ಈ ಮಾತಿನ ಅರ್ಥವಲ್ಲ. ದೇಹದ ಉಷ್ಣತೆ ಸುತ್ತಲಿನ ಉಷ್ಣತೆಯನ್ನು ಅವಲಂಬಿಸಿರುತ್ತದೆ ಎಂಬುದೇ ಅರ್ಥ. ಮುಂಜಾನೆ ಬೇಲಿಗೂಟದ ಮೇಲೆ ಎದೆಯೊಡ್ಡಿ ಬಿಸಿಲು ಕಾಯಿಸುವ ಓತಿಕ್ಯಾತ ಮಾಡುತ್ತಿರುವುದು ಇದೇ ಶಾಖಸಂಗ್ರಹವನ್ನು. ‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಎಂಬ ಗಾದೆಯ ಹಿಂದೆ, ಅದು ದಿನವೂ ಬೇಲಿಯ ಮೇಲೆ ಕಾಣಸಿಗುತ್ತದೆಂಬ ಹಳ್ಳಿಗರ ನಿತ್ಯದ ಅನುಭವವಿದೆ.

ಸಾಮಾನ್ಯವಾಗಿ ದೇಹದ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿದರೆ ಹಲ್ಲಿಯ ಚಯಾಪಚಯ ಕ್ರಿಯೆಯ ವೇಗ ಅರ್ಧಕ್ಕೋ ಮೂರನೆಯ ಒಂದು ಭಾಗಕ್ಕೋ ಇಳಿಯುತ್ತದೆ. ಹೃದಯದ ಬಡಿತ ಮತ್ತು ಉಸಿರಾಟ ನಿಧಾನವಾಗುತ್ತವೆ. ಆಹಾರವನ್ನು ಅರಗಿಸುವ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ. ಬದುಕಲು ಬೇಕಾದ ಅಲ್ಪ ಶಕ್ತಿಯನ್ನು ಪ್ರಾಣಿಯು ಹೊಟ್ಟೆಯೊಳಗಿನ ಕೊಬ್ಬಿನ ಕಾಯಗಳಿಂದಲೂ ಯಕೃತ್ತಿನಲ್ಲಿರುವ ಗ್ಲೈಕೋಜನ್‌ನಿಂದಲೂ ಪಡೆಯುತ್ತದೆ. ಕೆಲವು ಪ್ರಭೇದಗಳಲ್ಲಿ ದಪ್ಪನೆಯ ಬಾಲವೇ ಕೊಬ್ಬಿನ ಕಣಜ.

ಈ ವಿವರಗಳಿಂದ ಮೂರು ಮುಖ್ಯ ಸಂಗತಿಗಳು ಹೊರಡುತ್ತವೆ. ಮೊದಲನೆಯದಾಗಿ, ಹೊಟ್ಟೆಯಲ್ಲಿ ಆಹಾರವಿರುವಾಗಲೇ ಚಳಿ ಹಿಡಿದರೆ ಆ ಆಹಾರ ಅರಗದೆ ಒಳಗೇ ಕೊಳೆಯುತ್ತದೆ. ಎರಡನೆಯದಾಗಿ, ಕೊಬ್ಬಿನ ಸಂಗ್ರಹವಿಲ್ಲದ ಬಡಕಲು ಪ್ರಾಣಿಗೆ ಈ ಅವಧಿಯನ್ನು ದಾಟಲು ಬಂಡವಾಳವೇ ಇಲ್ಲ. ಮೂರನೆಯದಾಗಿ, ಒಳಗೆ ಅಡಗಿದ್ದ ಸೋಂಕು ನಿರೋಧಕ ಶಕ್ತಿ ಕುಗ್ಗಿದ ಸಮಯ ನೋಡಿ ತಲೆಯೆತ್ತುತ್ತದೆ. ಸಾಕುವವರು ವಹಿಸಬೇಕಾದ ಎಚ್ಚರಿಕೆಗಳೆಲ್ಲವೂ ಈ ಮೂರು ಕಾರಣಗಳಿಂದಲೇ ಹುಟ್ಟಿದವು.

ಕರ್ನಾಟಕದ ಹಲ್ಲಿಗಳು ಮತ್ತು ಚಳಿಗಾಲ

ಕರ್ನಾಟಕದಲ್ಲಿ ಹಿಮ ಬೀಳುವಂಥ ಚಳಿಯಿಲ್ಲ. ಆದುದರಿಂದ ಇಲ್ಲಿನ ಹಲ್ಲಿಗಳಲ್ಲಿ ತಿಂಗಳುಗಟ್ಟಲೆ ನಡೆಯುವ ಪೂರ್ಣ ಶಿಶಿರನಿದ್ರೆ ಕಾಣುವುದಿಲ್ಲ. ಕಾಣುವುದು ಬಿಟ್ಟುಬಿಟ್ಟು ಬರುವ ಜಡತೆ ಮಾತ್ರ. ಬೆಳಗಾವಿ ಜಿಲ್ಲೆಯಲ್ಲಿ ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 14–15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಗಲಿನಲ್ಲಿ ಮತ್ತೆ 28–30 ಡಿಗ್ರಿಗೆ ಏರುತ್ತದೆ. ಹಗಲಿನ ಅವಧಿ ಬೇಸಿಗೆಯಲ್ಲಿ ಸುಮಾರು 13 ಗಂಟೆಯಿದ್ದರೆ ಡಿಸೆಂಬರ್ ಕೊನೆಯಲ್ಲಿ ಸುಮಾರು 11 ಗಂಟೆಗೆ ಕುಗ್ಗುತ್ತದೆ.

ಜಿಲ್ಲೆಯ ಬಯಲುಸೀಮೆಯ ಹಳ್ಳಿಗಳಲ್ಲಿ ಈ ಬದಲಾವಣೆಯನ್ನು ಯಾರೂ ಗಮನಿಸಬಹುದು. ಮಳೆಗಾಲದಲ್ಲಿ ರಾತ್ರಿಯಿಡೀ ಟ್ಯೂಬ್‌ಲೈಟಿನ ಸುತ್ತ ಹುಳು ಹಿಡಿಯುವ ಮನೆಹಲ್ಲಿ ಚಳಿಯ ರಾತ್ರಿಗಳಲ್ಲಿ ದೇವರ ಪಟದ ಹಿಂದೆಯೋ ಕ್ಯಾಲೆಂಡರಿನ ಹಿಂದೆಯೋ ಸೇರಿಕೊಳ್ಳುತ್ತದೆ. ಓತಿಕ್ಯಾತ ಹೊತ್ತು ಮೇಲೇರಿದ ಮೇಲೆಯೇ ಬೇಲಿಗೆ ಬರುತ್ತದೆ. ಹಾವುರಾಣಿ ಒಣಗಿದ ಎಲೆಗಳ ಅಡಿಯಲ್ಲಿ, ಹೊಲದ ಬದುವಿನ ಕಲ್ಲುಗಳ ಸಂದಿಯಲ್ಲಿ ಉಳಿಯುತ್ತದೆ. ಉಡ ತನ್ನ ಬಿಲದ ಬಾಯಲ್ಲಿ ಬಿಸಿಲು ಕಾಯಿಸಿ ಬೇಗನೆ ಒಳಸೇರುತ್ತದೆ.

ಓತಿಕ್ಯಾತದ ಋತುಚಕ್ರದ ಬಗೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ದೀರ್ಘಕಾಲ ಸಂಶೋಧನೆ ನಡೆದಿದೆ. ಎಸ್. ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಾಣಿಯ ಸಂತಾನೋತ್ಪತ್ತಿ, ಮೊಟ್ಟೆಯ ಬೆಳವಣಿಗೆ ಹಾಗೂ ಕೊಬ್ಬಿನ ಕಾಯಗಳ ಸಂಬಂಧವನ್ನು ಅಧ್ಯಯನ ಮಾಡಿದ್ದಾರೆ. ಇಲ್ಲಿನ ಓತಿಕ್ಯಾತಗಳು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮೊಟ್ಟೆಯಿಡುತ್ತವೆ. ಚಳಿಗಾಲದಲ್ಲಿ ಅವುಗಳ ಸಂತಾನೋತ್ಪತ್ತಿ ಅಂಗಗಳು ವಿಶ್ರಾಂತಿಯಲ್ಲಿರುತ್ತವೆ. ಬಾಹ್ಯವಾಗಿ ಗಾಢನಿದ್ರೆ ಕಾಣದಿದ್ದರೂ ದೇಹದೊಳಗೆ ಋತುವಿನ ಲೆಕ್ಕ ನಡೆದೇ ಇರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಪಶ್ಚಿಮಘಟ್ಟಗಳ ತೇವಭರಿತ ಕಾಡುಗಳಲ್ಲಿ ಉಷ್ಣತೆಯ ಏರಿಳಿತ ಇನ್ನೂ ಕಡಿಮೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಿಂದ ಕನ್ನಡಿಗರಿಗೆ ಪರಿಚಿತವಾದ ಹಾರುವ ಓತಿ ಅಂಥ ಕಾಡುಗಳ ನಿವಾಸಿ. ಅದಕ್ಕೆ ಶಿಶಿರನಿದ್ರೆಯ ಅಗತ್ಯ ಬೀಳುವುದಿಲ್ಲ.

ಭಾರತದ ಇತರ ಭಾಗಗಳಲ್ಲಿ

ದೇಶದ ಉತ್ತರಕ್ಕೆ ಹೋದಂತೆ ನಿಜವಾದ ಶಿಶಿರನಿದ್ರೆ ಕಾಣಸಿಗುತ್ತದೆ. ಕರ್ನಾಟಕದಲ್ಲಿ ವರ್ಷವಿಡೀ ಓಡಾಡುವ ಉಡವೇ ಉತ್ತರ ಭಾರತದಲ್ಲಿ ಚಳಿಗಾಲವನ್ನು ಬಿಲದಲ್ಲಿ ಜಡವಾಗಿ ಕಳೆಯುತ್ತದೆ. ಒಂದೇ ಪ್ರಭೇದ ಎರಡು ಸೀಮೆಗಳಲ್ಲಿ ಎರಡು ರೀತಿ ನಡೆದುಕೊಳ್ಳುವುದಕ್ಕೆ ಇದು ಉತ್ತಮ ನಿದರ್ಶನ. ಥಾರ್ ಮರುಭೂಮಿ ಮತ್ತು ಕಛ್ ಪ್ರದೇಶಗಳ ಮುಳ್ಳುಬಾಲದ ಹಲ್ಲಿ, ಅಂದರೆ ಸಾಂಡಾ, ನೆಲದಲ್ಲಿ ಆಳವಾದ ಬಿಲ ತೋಡಿ, ಒಳಗಿನಿಂದ ಮಣ್ಣಿನಿಂದ ಬಾಯಿ ಮುಚ್ಚಿಕೊಂಡು ಚಳಿಗಾಲ ಕಳೆಯುತ್ತದೆ. ಹಾಗೆ ಮಲಗಿದ ಪ್ರಾಣಿಗೆ ಓಡಿಹೋಗುವ ಶಕ್ತಿಯಿರುವುದಿಲ್ಲ. ಇದರ ಕೊಬ್ಬಿನಿಂದ ತೆಗೆದ ‘ಸಾಂಡಾ ಎಣ್ಣೆ’ಗೆ ಔಷಧಗುಣವಿದೆಯೆಂಬ ಮೂಢನಂಬಿಕೆಯಿಂದ ಅಸಂಖ್ಯ ಪ್ರಾಣಿಗಳು ಬಲಿಯಾಗಿವೆ. ಲಡಾಖಿನ ಬಂಡೆಗಳ ನಡುವೆ ವಾಸಿಸುವ ಅಗಾಮಾ ಜಾತಿಯ ಓತಿಗಳು ಹಿಮದ ತಿಂಗಳುಗಳನ್ನು ಬಂಡೆಬಿರುಕುಗಳಲ್ಲಿ ನಿದ್ರಿಸಿ ಕಳೆಯುತ್ತವೆ.

ಸಾಕುವುದು ಮತ್ತು ಕಾನೂನು

ಸಾಕು ಹಲ್ಲಿಯ ಮಾತಿಗೆ ಮುನ್ನ ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ ನಮ್ಮ ನಾಡಿನ ಕಾಡುಹಲ್ಲಿಗಳನ್ನು ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡಗಳು ಮೊದಲನೆಯ ಅನುಸೂಚಿಯಲ್ಲಿದ್ದು ಅತ್ಯುಚ್ಚ ರಕ್ಷಣೆ ಪಡೆದಿವೆ. ಸಾಂಡಾ ಮತ್ತು ಗೋಸುಂಬೆಗಳಿಗೂ ಕಾಯ್ದೆಯ ರಕ್ಷಣೆಯಿದೆ. 2022ರ ತಿದ್ದುಪಡಿಯ ನಂತರ ಮೊದಲನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಅಪರಾಧ ಎಸಗಿದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಉಡದ ಅಂಗಗಳನ್ನು ‘ಹತ್ತಾ ಜೋಡಿ’ ಎಂಬ ಹೆಸರಿನಲ್ಲಿ ಗಿಡದ ಬೇರೆಂದು ನಂಬಿಸಿ ಮಾರುತ್ತಿದ್ದ ವ್ಯಾಪಾರ 2017ರಲ್ಲಿ ಬೆಳಕಿಗೆ ಬಂದಿತು. ಅಂಥ ವಸ್ತುವನ್ನು ಪೂಜೆಗಾಗಿ ಕೊಂಡು ಇಟ್ಟುಕೊಳ್ಳುವುದೂ ಅಪರಾಧವೇ.

ವಿದೇಶಿ ಪ್ರಾಣಿಗಳ ಬಗೆಗೆ ಕೇಂದ್ರ ಪರಿಸರ ಸಚಿವಾಲಯವು ಜೂನ್ 2020ರಲ್ಲಿ ಸ್ವಯಂಘೋಷಣೆಯ ಸೂಚನೆಯನ್ನು ಹೊರಡಿಸಿತು. 2022ರ ತಿದ್ದುಪಡಿಯು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಭೇದಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿತು. 2024ರಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಪ್ರಾಣಿಗಳನ್ನು ಹೊಂದಿರುವವರು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಹಸಿರು ಇಗ್ವಾನಾ ಈ ಪಟ್ಟಿಯಲ್ಲಿರುವ ಪ್ರಾಣಿ. ಯಾವುದೇ ಹಲ್ಲಿಯನ್ನು ಕೊಳ್ಳುವ ಮುನ್ನ ಅದರ ಪ್ರಭೇದ ಯಾವುದು, ಅದಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಯಾವ ಹಲ್ಲಿಗಳಿಗೆ, ಯಾವುವಕ್ಕಿಲ್ಲ

ಸಾಕಲಾಗುವ ಎಲ್ಲ ಹಲ್ಲಿಗಳೂ ಶಿಶಿರನಿದ್ರೆ ಮಾಡುವುದಿಲ್ಲ. ಪ್ರಾಣಿಯ ಮೂಲ ನೆಲೆಯಲ್ಲಿ ಚಳಿಗಾಲವಿದೆಯೇ ಎಂಬುದೇ ಇಲ್ಲಿ ನಿರ್ಣಾಯಕ.

- ಗಡ್ಡದ ಹಲ್ಲಿ, ಅಂದರೆ ಬಿಯರ್ಡೆಡ್ ಡ್ರಾಗನ್, ಆಸ್ಟ್ರೇಲಿಯದ ಒಳನಾಡಿನ ಒಣಪ್ರದೇಶದ ಪ್ರಾಣಿ. ಅಲ್ಲಿ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ. ಬೆಳೆದ ಪ್ರಾಣಿಗಳು ಕೆಲವು ವಾರಗಳಿಂದ ಮೂರು ತಿಂಗಳವರೆಗೂ ಜಡವಾಗಬಹುದು. ಆಸ್ಟ್ರೇಲಿಯವು ತನ್ನ ವನ್ಯಪ್ರಾಣಿಗಳ ವಾಣಿಜ್ಯ ರಫ್ತನ್ನು ನಿಷೇಧಿಸಿರುವುದರಿಂದ ಇತರ ದೇಶಗಳಲ್ಲಿ ಮಾರಾಟಕ್ಕಿರುವವು ಬಂಧನದಲ್ಲಿಯೇ ಹುಟ್ಟಿ ಬೆಳೆದ ಸಂತತಿಯವು.
- ಚಿರತೆಹಲ್ಲಿ, ಅಂದರೆ ಲೆಪರ್ಡ್ ಗೆಕೊ, ಅಫ್ಘಾನಿಸ್ತಾನ, ಪಾಕಿಸ್ತಾನ ಹಾಗೂ ವಾಯವ್ಯ ಭಾರತದ ಪ್ರಾಣಿ. ಅದರ ನೆಲೆಯಲ್ಲಿ ಚಳಿ ಕಟುವಾಗಿರುವುದರಿಂದ ಅದಕ್ಕೂ ಶಿಶಿರನಿದ್ರೆಯ ಅಭ್ಯಾಸವಿದೆ; ಬಾಲದಲ್ಲಿ ಕೊಬ್ಬನ್ನು ಕೂಡಿಡುತ್ತದೆ. ಇದು ಭಾರತದಲ್ಲಿಯೂ ಇರುವ ಪ್ರಭೇದವಾದ್ದರಿಂದ ಕಾನೂನಿನ ಬಗೆಗೆ ವಿಶೇಷ ಎಚ್ಚರ ಬೇಕು.
- ಹಸಿರು ಇಗ್ವಾನಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಪ್ರಾಣಿ. ಇದಕ್ಕೆ ಶಿಶಿರನಿದ್ರೆಯಿಲ್ಲ. ಚಳಿಯಲ್ಲಿ ಅದು ಮಂಕಾದರೆ ಅದು ಸಂಕಟದ ಲಕ್ಷಣವೇ ಹೊರತು ವಿಶ್ರಾಂತಿಯಲ್ಲ.
- ಉಷ್ಣವಲಯದ ಕಾಡುಗಳ ಇತರ ಗೆಕೊಗಳನ್ನೂ ಗೋಸುಂಬೆಗಳನ್ನೂ ಹೀಗೆ ತಂಪಿಗೆ ಒಡ್ಡಬಾರದು.

ಶಿಶಿರನಿದ್ರೆಯ ಅಭ್ಯಾಸವುಳ್ಳ ಪ್ರಭೇದಗಳಿಗೂ ಬಂಧನದಲ್ಲಿ ಅದು ಅನಿವಾರ್ಯವಲ್ಲ. ಕಾಡಿನಲ್ಲಿ ಅದರ ಪ್ರಯೋಜನ ಎರಡು: ಆಹಾರ ಸಿಗದ ಕಾಲದಲ್ಲಿ ಶಕ್ತಿಯ ಉಳಿತಾಯ, ಮತ್ತು ಗಂಡುಹೆಣ್ಣುಗಳು ಒಂದೇ ಕಾಲಕ್ಕೆ ಸಂತಾನಕ್ಕೆ ಸಿದ್ಧವಾಗುವುದು. ಮನೆಯಲ್ಲಿ ವರ್ಷವಿಡೀ ಶಾಖ, ಬೆಳಕು, ಆಹಾರ ಸಿಗುವ ಪ್ರಾಣಿ ನಿದ್ರೆಯಿಲ್ಲದೆಯೂ ಆರೋಗ್ಯವಾಗಿರಬಲ್ಲದು. ಆದ್ದರಿಂದ ಪ್ರಾಣಿ ತಾನಾಗಿ ಜಡತೆಯತ್ತ ಹೊರಳಿದಾಗ ಅದಕ್ಕೆ ನೆರವಾಗುವುದು ಸರಿ. ಒತ್ತಾಯದಿಂದ ಮಲಗಿಸುವುದು ಸರಿಯಲ್ಲ.

ಸುರಕ್ಷಿತ ಶಿಶಿರನಿದ್ರೆಗೆ ಸಿದ್ಧತೆ

ಆರೋಗ್ಯ ಪರೀಕ್ಷೆ: ಒಂದು ವರ್ಷ ತುಂಬದ ಮರಿ, ಇತ್ತೀಚೆಗೆ ಕಾಯಿಲೆಯಿಂದ ಎದ್ದ ಪ್ರಾಣಿ, ಬಡಕಲಾದ ಪ್ರಾಣಿ, ಮೊಟ್ಟೆ ತುಂಬಿದ ಹೆಣ್ಣು — ಇವುಗಳನ್ನು ಶಿಶಿರನಿದ್ರೆಗೆ ಬಿಡಬಾರದು. ಉಳಿದವನ್ನು ಚಳಿಗಾಲಕ್ಕೆ ಒಂದು ತಿಂಗಳಷ್ಟು ಮೊದಲೇ ಪಶುವೈದ್ಯರಿಗೆ ತೋರಿಸಿ, ಮಲಪರೀಕ್ಷೆ ಮಾಡಿಸಿ, ಹೊಟ್ಟೆಯ ಹುಳುಗಳಿದ್ದರೆ ಚಿಕಿತ್ಸೆ ಕೊಡಿಸಬೇಕು. ಎಲ್ಲ ಪಶುವೈದ್ಯರಿಗೂ ಸರೀಸೃಪಗಳ ಅನುಭವವಿರುವುದಿಲ್ಲ. ಆದ್ದರಿಂದ ಅನುಭವಿಗಳು ಎಲ್ಲಿದ್ದಾರೆ ಎಂಬುದನ್ನು ತುರ್ತು ಬರುವ ಮೊದಲೇ ತಿಳಿದಿಟ್ಟುಕೊಳ್ಳಬೇಕು.

ತೂಕ: ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರಾಣಿಯನ್ನು ಒಂದು ಸಣ್ಣ ಡಬ್ಬಿಯಲ್ಲಿಟ್ಟು ತೂಗಿ, ಗ್ರಾಂ ಲೆಕ್ಕದಲ್ಲಿ ಬರೆದಿಡಬೇಕು. ಈ ಒಂದು ಅಂಕೆ ಮುಂದಿನ ಎಲ್ಲ ತೀರ್ಮಾನಗಳಿಗೂ ಆಧಾರ.

ಹೊಟ್ಟೆ ಖಾಲಿ ಮಾಡುವುದು: ಉಷ್ಣತೆಯನ್ನು ಇಳಿಸುವ ಮೊದಲು ಸುಮಾರು ಎರಡು ವಾರ ಆಹಾರವನ್ನು ನಿಲ್ಲಿಸಬೇಕು. ಆದರೆ ಆ ಎರಡು ವಾರಗಳಲ್ಲಿ ಶಾಖ ಮತ್ತು ಬೆಳಕನ್ನು ಎಂದಿನಂತೆಯೇ ಮುಂದುವರಿಸಬೇಕು. ಶಾಖವಿಲ್ಲದಿದ್ದರೆ ಒಳಗಿನ ಆಹಾರ ಅರಗುವುದಿಲ್ಲ. ಆಹಾರ ಮತ್ತು ಶಾಖ ಎರಡನ್ನೂ ಒಟ್ಟಿಗೇ ನಿಲ್ಲಿಸುವುದು ಹೊಸಬರು ಮಾಡುವ ಅತಿ ಅಪಾಯಕಾರಿ ತಪ್ಪು. ಈ ದಿನಗಳಲ್ಲಿ ಉಗುರುಬೆಚ್ಚಗಿನ ಆಳವಿಲ್ಲದ ನೀರಿನಲ್ಲಿ ಆಗಾಗ ಕೆಲವು ನಿಮಿಷ ಬಿಟ್ಟರೆ ಪ್ರಾಣಿ ನೀರು ಕುಡಿಯುತ್ತದೆ, ಮಲವಿಸರ್ಜನೆಯೂ ಸುಲಭವಾಗುತ್ತದೆ.

ಕ್ರಮೇಣ ತಂಪು: ಬಳಿಕ ಒಂದೆರಡು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಶಾಖವನ್ನೂ ಬೆಳಕಿನ ಅವಧಿಯನ್ನೂ ಕಡಿಮೆ ಮಾಡಬೇಕು. ದಿನಕ್ಕೆ 12 ಗಂಟೆ ಉರಿಯುತ್ತಿದ್ದ ದೀಪವನ್ನು 10 ಗಂಟೆಗೆ, ನಂತರ 8 ಗಂಟೆಗೆ ಇಳಿಸಬಹುದು. ಬೆಳೆದ ಗಡ್ಡದ ಹಲ್ಲಿಗೆ ಸುಮಾರು 16ರಿಂದ 20 ಡಿಗ್ರಿ ಸೆಲ್ಸಿಯಸ್ ಸೂಕ್ತವೆಂದು ಹೇಳಲಾಗುತ್ತದೆ. ಅಳತೆಗೆ ಉಷ್ಣಮಾಪಕವನ್ನು ಪೆಟ್ಟಿಗೆಯೊಳಗೆ ಪ್ರಾಣಿ ಮಲಗುವ ಜಾಗದಲ್ಲಿಯೇ ಇಡಬೇಕು. ಕೋಣೆಯ ಗೋಡೆಯ ಮೇಲಿನ ಅಂಕೆ ನೆರವಾಗದು.

ಮಲಗುವ ತಾಣ: ದೇಹಕ್ಕೆ ಒತ್ತಾಗಿ ಹೊಂದುವ, ಕತ್ತಲಾದ, ಒಣಗಿದ ಮರೆ ಬೇಕು. ಮಣ್ಣಿನ ಮಡಕೆಯ ಅರ್ಧಭಾಗ ಅಥವಾ ಮರದ ಪೆಟ್ಟಿಗೆ ಸಾಕು. ಇರುವೆ ಬಾರದಂತೆ ಎಚ್ಚರ ವಹಿಸಬೇಕು. ಜಡವಾದ ಪ್ರಾಣಿಗೆ ಇರುವೆಗಳನ್ನು ಕೊಡವಿಕೊಳ್ಳುವ ಶಕ್ತಿಯಿರುವುದಿಲ್ಲ. ತಿನ್ನದೆ ಉಳಿದ ಜೀವಂತ ಹುಳುಗಳನ್ನೂ ಪೆಟ್ಟಿಗೆಯಿಂದ ತೆಗೆಯಬೇಕು. ಅವು ಮಲಗಿದ ಪ್ರಾಣಿಯನ್ನೇ ಕಚ್ಚುವುದುಂಟು.

ನಿದ್ರೆಯ ಅವಧಿಯಲ್ಲಿ

ಶಿಶಿರನಿದ್ರೆಯಲ್ಲಿರುವ ಪ್ರಾಣಿಯನ್ನು ಮರೆತುಬಿಡುವಂತಿಲ್ಲ, ಪದೇ ಪದೇ ಎಬ್ಬಿಸುವಂತೆಯೂ ಇಲ್ಲ. ದಿನಕ್ಕೊಮ್ಮೆ ಮುಟ್ಟದೆ ನೋಡಬೇಕು. ವಾರಕ್ಕೆ ಅಥವಾ ಎರಡು ವಾರಕ್ಕೊಮ್ಮೆ ಮೆಲ್ಲಗೆ ಎತ್ತಿ ತೂಗಬೇಕು. ಶುದ್ಧ ನೀರಿನ ತಟ್ಟೆ ಸದಾ ಇರಬೇಕು. ಆಹಾರ ಕೊಡಬಾರದು, ಪ್ರಾಣಿ ಎದ್ದು ಓಡಾಡಿದರೂ ಕೊಡಬಾರದು.

ನಿಜವಾದ ಶಿಶಿರನಿದ್ರೆಯಲ್ಲಿ ತೂಕ ಬಹಳ ಕಡಿಮೆ ಇಳಿಯುತ್ತದೆ. ಆರಂಭದ ತೂಕದ ಶೇಕಡ 10ರಷ್ಟು ಕಳೆದುಹೋದರೆ ನಿದ್ರೆಯನ್ನು ಅಲ್ಲಿಗೇ ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು. ಉದಾಹರಣೆಗೆ, 400 ಗ್ರಾಂ ಇದ್ದ ಪ್ರಾಣಿ 360 ಗ್ರಾಂಗೆ ಇಳಿದರೆ ಅದು ಎಚ್ಚರಿಕೆಯ ಗಂಟೆ.

ಯುರೋಪಿನಲ್ಲಿ ಕೆಲವು ಆಮೆಗಳನ್ನು ಶೀತಕಪಾಟಿನಲ್ಲಿ 5 ಡಿಗ್ರಿಯ ಆಸುಪಾಸಿನಲ್ಲಿ ಮಲಗಿಸುವ ಪದ್ಧತಿಯಿದೆ. ಅದನ್ನು ನೋಡಿ ಹಲ್ಲಿಗಳನ್ನು ಫ್ರಿಜ್ಜಿನಲ್ಲಿಡುವ ಪ್ರಯೋಗ ಮಾಡಲೇಬಾರದು. ಆ ಆಮೆಗಳ ಮೂಲ ನೆಲೆಯ ಚಳಿ ಬೇರೆ, ಮರುಭೂಮಿಯ ಹಲ್ಲಿಗಳ ನೆಲೆಯ ಚಳಿ ಬೇರೆ.

ಎಚ್ಚರಗೊಳಿಸುವುದು

ಅವಧಿ ಮುಗಿದ ಮೇಲೆ ಇಳಿಸಿದ ಕ್ರಮದಲ್ಲಿಯೇ ಏರಿಸಬೇಕು. ಒಂದರಿಂದ ಎರಡು ವಾರಗಳಲ್ಲಿ ಬೆಳಕಿನ ಅವಧಿಯನ್ನೂ ಶಾಖವನ್ನೂ ಮೊದಲಿನ ಮಟ್ಟಕ್ಕೆ ತರಬೇಕು. ಮೊದಲು ನೀರು, ಆಮೇಲೆ ಶಾಖ, ಕೊನೆಗೆ ಆಹಾರ ಎಂಬುದನ್ನು ನೆನಪಿಡುವುದು ಒಳ್ಳೆಯದು. ದೀರ್ಘ ಜಡತೆಯಿಂದ ಮೂತ್ರಪಿಂಡಗಳ ಮೇಲೆ ಒತ್ತಡ ಬಿದ್ದಿರುವುದರಿಂದ ಬೆಚ್ಚಗಿನ ನೀರಿನ ಸ್ನಾನ ಉಪಯುಕ್ತ. ಪೂರ್ಣ ಶಾಖ ದೊರೆತು ಎರಡು ಮೂರು ದಿನಗಳಾದ ಮೇಲೆ ಸಣ್ಣ ಪ್ರಮಾಣದಲ್ಲಿ ಸುಲಭವಾಗಿ ಅರಗುವ ಆಹಾರ ಕೊಡಬಹುದು. ಅತಿನೇರಳೆ ಕಿರಣ ಸೂಸುವ ದೀಪ ಬಳಸುತ್ತಿದ್ದರೆ ಅದು ಹಳತಾಗಿದೆಯೇ ಎಂದು ಈ ಸಮಯದಲ್ಲಿ ಪರಿಶೀಲಿಸಬೇಕು. ಎದ್ದು ಎರಡು ವಾರ ಕಳೆದರೂ ತಿನ್ನದ ಪ್ರಾಣಿಗೆ ವೈದ್ಯಕೀಯ ನೆರವು ಬೇಕು.

ನಿದ್ರೆಯೋ, ರೋಗವೋ

ಜಡತೆ ಎರಡಕ್ಕೂ ಸಾಮಾನ್ಯ ಲಕ್ಷಣವಾದ್ದರಿಂದ ಭೇದವನ್ನು ಇತರ ಚಿಹ್ನೆಗಳಿಂದಲೇ ಕಂಡುಕೊಳ್ಳಬೇಕು. ಶಿಶಿರನಿದ್ರೆಗೆ ಹೊರಟ ಆರೋಗ್ಯವಂತ ಪ್ರಾಣಿಯ ಮೈ ತುಂಬಿರುತ್ತದೆ, ಬಾಲದ ಬುಡ ದುಂಡಗಿರುತ್ತದೆ, ಎತ್ತಿದಾಗ ಕಣ್ತೆರೆದು ನೋಡುತ್ತದೆ, ಕೈಕಾಲುಗಳಲ್ಲಿ ಬಿಗಿಯಿರುತ್ತದೆ. ಕೆಳಗಿನ ಚಿಹ್ನೆಗಳಲ್ಲಿ ಒಂದು ಕಂಡರೂ ಅದನ್ನು ರೋಗವೆಂದೇ ತಿಳಿಯಬೇಕು.

- ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ನೊರೆ ಅಥವಾ ಲೋಳೆ. ಇದು ಶ್ವಾಸಕೋಶದ ಸೋಂಕಿನ ಲಕ್ಷಣ.
- ಕಣ್ಣು ಗುಳಿಬಿದ್ದು ಚರ್ಮ ಸುಕ್ಕುಗಟ್ಟುವುದು. ಇದು ನೀರಿನ ಕೊರತೆ.
- ದವಡೆ ಮೃದುವಾಗುವುದು, ಕಾಲು ಬಾಗುವುದು, ನಡುಗುವುದು. ಇದು ಸುಣ್ಣದಂಶದ ಮತ್ತು ಡಿ ಜೀವಸತ್ತ್ವದ ಕೊರತೆಯಿಂದ ಬರುವ ಮೂಳೆರೋಗ.
- ದುರ್ವಾಸನೆಯ ತೆಳು ಮಲ, ಅಥವಾ ಹೊಟ್ಟೆಯುಬ್ಬರ.
- ಬಾಲದ ಬುಡದ ಮೂಳೆಗಳು ಎದ್ದುಕಾಣುವುದು.
- ಪೆಟ್ಟಿಗೆ ಪೂರ್ತಿ ಬಿಸಿಯಿರುವಾಗಲೂ, ಋತುವಲ್ಲದ ಋತುವಿನಲ್ಲಿಯೂ ಜಡವಾಗಿರುವುದು.

ಇಂಥ ಪ್ರಾಣಿಯನ್ನು ‘ಮಲಗಿದೆ, ಏಳಿಸಬಾರದು’ ಎಂದು ಬಿಟ್ಟರೆ ಚಿಕಿತ್ಸೆಯ ಕಾಲ ಮೀರಿಹೋಗುತ್ತದೆ. ಸಂದೇಹವಿದ್ದಾಗ ಬೆಚ್ಚಗಿಟ್ಟು ವೈದ್ಯರ ಬಳಿಗೆ ಒಯ್ಯುವುದರಿಂದ ನಷ್ಟವಿಲ್ಲ. ಸುಮ್ಮನೆ ಕಾಯುವುದರಿಂದ ಪ್ರಾಣವೇ ಹೋಗಬಹುದು.

ಬಯಲುಸೀಮೆಯ ಹವೆಯ ತೊಡಕು

ವಿದೇಶಗಳಲ್ಲಿ ಬರೆದ ಕೈಪಿಡಿಗಳನ್ನು ಉತ್ತರ ಕರ್ನಾಟಕದಲ್ಲಿ ಯಥಾವತ್ತಾಗಿ ಪಾಲಿಸಲಾಗದು. ತಂಪುದೇಶದ ಮನೆಯಲ್ಲಿ ಶಾಖದ ದೀಪವನ್ನು ಆರಿಸಿದರೆ ಸಾಕು, ಕೋಣೆ ಹಗಲಿರುಳೂ ಒಂದೇ ತಂಪಿನಲ್ಲಿರುತ್ತದೆ. ಗೋಕಾಕ ಅಥವಾ ಹುಕ್ಕೇರಿಯ ಮನೆಯಲ್ಲಿ ದೀಪ ಆರಿಸಿದರೆ ರಾತ್ರಿ ತಂಪಾಗುತ್ತದೆ, ಮಧ್ಯಾಹ್ನ ಮತ್ತೆ ಬಿಸಿಯಾಗುತ್ತದೆ. ಬಿಸಿಯಾದ ಗಂಟೆಗಳಲ್ಲಿ ಚಯಾಪಚಯ ಏರಿ ಕೊಬ್ಬು ಕರಗುತ್ತದೆ. ತಿನ್ನಲು ಮಾತ್ರ ಏನೂ ಇರುವುದಿಲ್ಲ. ತಿಂದರೂ ರಾತ್ರಿಯ ತಂಪಿನಲ್ಲಿ ಅರಗುವುದಿಲ್ಲ. ಹೀಗೆ ಪ್ರಾಣಿಗೆ ನಿದ್ರೆಯ ಉಳಿತಾಯವೂ ಇಲ್ಲ, ಎಚ್ಚರದ ಪೋಷಣೆಯೂ ಇಲ್ಲ. ಈ ನಡುವಿನ ಸ್ಥಿತಿ ಎರಡಕ್ಕಿಂತಲೂ ಹಾನಿಕರ.

ಆದುದರಿಂದ ಇಲ್ಲಿನ ಹವೆಯಲ್ಲಿ ಎರಡೇ ಸುರಕ್ಷಿತ ಮಾರ್ಗಗಳಿವೆ. ಒಂದು, ಚಳಿಗಾಲದಲ್ಲಿಯೂ ಥರ್ಮೋಸ್ಟ್ಯಾಟ್ ಜೋಡಿಸಿದ ಶಾಖ ಮತ್ತು ಎಂದಿನ ಬೆಳಕನ್ನು ಮುಂದುವರಿಸಿ ಪ್ರಾಣಿಯನ್ನು ಎಚ್ಚರವಾಗಿಯೇ ಇಡುವುದು. ಇನ್ನೊಂದು, ಬಿಸಿಲು ತಾಗದ, ದಪ್ಪ ಗೋಡೆಯ, ಉಷ್ಣತೆ ಹೆಚ್ಚು ಏರಿಳಿಯದ ಕೋಣೆ ನಿಜವಾಗಿಯೂ ಇದ್ದರೆ ಮಾತ್ರ ಕಿರು ಅವಧಿಯ ನಿದ್ರೆಗೆ ಅವಕಾಶ ಕೊಡುವುದು. ಹಳೆಯ ಕಲ್ಲಿನ ಅಥವಾ ಮಣ್ಣಿನ ಗೋಡೆಯ ಮನೆಗಳ ಒಳಕೋಣೆಗಳು ತಗಡಿನ ಚಾವಣಿಯ ಮನೆಗಳಿಗಿಂತ ಇದಕ್ಕೆ ಅನುಕೂಲ. ಬಹುತೇಕ ಮನೆಗಳಿಗೆ ಮೊದಲನೆಯ ಮಾರ್ಗವೇ ಹೊಂದುತ್ತದೆ. ವಿದ್ಯುತ್ ಕಡಿತದ ಸಂದರ್ಭಕ್ಕಾಗಿ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಸೀಸೆಯನ್ನು ಪೆಟ್ಟಿಗೆಯ ಒಂದು ಬದಿಗೆ ಇಡುವ ಏರ್ಪಾಡು ಮಾಡಿಕೊಳ್ಳಬಹುದು. ಪ್ರಾಣಿ ಸರಿದುಹೋಗಲು ಇನ್ನೊಂದು ಬದಿ ಖಾಲಿಯಿರಬೇಕು.

ಹೊಲದಲ್ಲಿ ಕಾಣಸಿಗುವ ಹಲ್ಲಿಗಳು

ಘಟಪ್ರಭಾ ನದಿಯ ನೀರಾವರಿ ಪ್ರದೇಶದಲ್ಲಿ ಕಬ್ಬು ಮುಖ್ಯ ಬೆಳೆ. ಕಬ್ಬು ಕಡಿಯುವ ಹಂಗಾಮೂ ಚಳಿಗಾಲವೂ ಬಹುಮಟ್ಟಿಗೆ ಒಂದೇ ಕಾಲಕ್ಕೆ ಬರುತ್ತವೆ. ಕಬ್ಬು ಸಾಗಿದ ಮೇಲೆ ಹೊಲದಲ್ಲಿ ಉಳಿಯುವ ರವದಿಯ ಅಡಿಯಲ್ಲಿ ಓತಿಕ್ಯಾತ, ಹಾವುರಾಣಿ, ಕಪ್ಪೆ, ಹಾವುಗಳು ಬೆಚ್ಚಗೆ ಅಡಗಿರುತ್ತವೆ. ಮುಂಜಾನೆಯ ತಂಪಿನಲ್ಲಿ ರವದಿಗೆ ಬೆಂಕಿ ಹಚ್ಚಿದರೆ ಮೈ ಮರಗಟ್ಟಿದ ಈ ಪ್ರಾಣಿಗಳು ಓಡಲಾರದೆ ಸುಟ್ಟುಹೋಗುತ್ತವೆ. ಬೆಳೆಗೆ ಬರುವ ಹುಳುಗಳನ್ನು ತಿಂದು ರೈತನಿಗೆ ನೆರವಾಗುವ ಜೀವಿಗಳು ಇವೇ. ರವದಿಯನ್ನು ಸುಡದೆ ಸಾಲುಗಳ ನಡುವೆ ಹರಡಿ ಕೊಳೆಯಲು ಬಿಟ್ಟರೆ ಮಣ್ಣಿನ ತೇವ ಉಳಿಯುತ್ತದೆ, ಸಾವಯವ ಅಂಶ ಹೆಚ್ಚುತ್ತದೆ, ಈ ಜೀವಿಗಳೂ ಬದುಕುತ್ತವೆ.

ನೇಗಿಲಿಗೋ ಸಲಿಕೆಗೋ ಸಿಕ್ಕು ಹೊರಬಂದ ಜಡ ಹಲ್ಲಿಯನ್ನು ಸತ್ತಿದೆಯೆಂದು ಎಸೆಯಬಾರದು, ಮನೆಗೂ ತರಬಾರದು. ಗಾಯವಿಲ್ಲದಿದ್ದರೆ ಹತ್ತಿರದ ಬದುವಿನ ಕಲ್ಲುಸಂದಿಯಲ್ಲಿ ಅಥವಾ ಒಣ ಎಲೆಗಳ ರಾಶಿಯಲ್ಲಿ ಬಿಟ್ಟರೆ ಬಿಸಿಲೇರಿದಾಗ ಅದು ತಾನೇ ಸರಿದುಹೋಗುತ್ತದೆ. ಉಡಕ್ಕೆ ಗಾಯವಾಗಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು.

ತಪ್ಪು ಕಲ್ಪನೆಗಳು

ಹಲ್ಲಿ ತಿನ್ನದೆ ಮಲಗಿದರೆ ಉಪವಾಸದಿಂದ ಸಾಯುತ್ತದೆ ಎಂದು ಹೆದರಿ ಬಾಯಿ ತೆರೆದು ಆಹಾರ ತುರುಕುವುದುಂಟು. ತಂಪಾದ ದೇಹದಲ್ಲಿ ಆ ಆಹಾರ ಅರಗದೆ ಅಪಾಯ ತರುತ್ತದೆ. ಇದಕ್ಕೆ ವಿರುದ್ಧವಾಗಿ, ಪ್ರತಿ ಚಳಿಗಾಲದಲ್ಲೂ ಮಲಗಿಸದಿದ್ದರೆ ಹಲ್ಲಿ ಬೇಗ ಸಾಯುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಹಲ್ಲಿಗಳೆಲ್ಲ ವಿಷಪ್ರಾಣಿಗಳು ಎಂಬ ಮಾತು ಇನ್ನೊಂದು ತಪ್ಪು ಕಲ್ಪನೆ; ಕರ್ನಾಟಕದ ಮನೆಹಲ್ಲಿ, ಹಾವುರಾಣಿ, ಓತಿಕ್ಯಾತಗಳಾವುವೂ ಮನುಷ್ಯರಿಗೆ ವಿಷಕಾರಿಗಳಲ್ಲ. ಆದರೆ ಸರೀಸೃಪಗಳ ಮೈ ಮತ್ತು ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ತೂಗಿದ ತಕ್ಕಡಿಯನ್ನು ಅಡುಗೆಗೆ ಬಳಸದಿರುವುದು ಅವಶ್ಯ.